ಬಲ ಅಂಚಿನ ಹುಲ್ಲು

ಅಡುಗೆಮನೆಯ ಮೇಜು,
ಹದಿನೇಳನೇ ತಾರೀಖು, ಶನಿವಾರ ಮಧ್ಯಾಹ್ನ

ಪ್ರೀತಿಯ ಡ್ರಾಯಿಂಗ್ ಮೇಡಂ ಅವರಿಗೆ, ಅಂದರೆ ನನ್ನ ಸೊಸೆಗೆ,

ನಿನ್ನ ಕೆಮ್ಮು ಹೇಗಿದೆ? ಗಂಟಲಲ್ಲಿ ಇದ್ದದ್ದು ಎದೆಗೆ ಇಳಿದಿದೆ ಎಂದು ಹಿಂದಿನ ಪತ್ರದಲ್ಲಿ ನೀನು ಬರೆದಿದ್ದೆ. ಪರದೆಯ ಮೇಲೆ ಚಿತ್ರ ತೋರಿಸುವ ಆ ಕತ್ತಲೆ ಕೋಣೆಯಲ್ಲಿ ಒಂದು ಕಿಟಕಿಯನ್ನೂ ತೆಗೆಯುವುದಿಲ್ಲ ಎಂದೂ ಬರೆದಿದ್ದೆ. ಹಾಗಿದ್ದ ಮೇಲೆ ಬಾಗಿಲ ಪಕ್ಕದ ಕುರ್ಚಿ ಹಿಡಿದು ಕೂರಬೇಕು ಎಂದು ನಿನಗೆ ಯಾರಾದರೂ ಹೇಳಿಕೊಡಬೇಕೇ? ಬಿಸಿನೀರು ಕುಡಿ. ಹಾಸ್ಟೆಲಿನವರು ಕೊಟ್ಟ ಹೊದಿಕೆ ಸಾಲದು ಅಂದಿದ್ದೆಯಲ್ಲ, ಇಲ್ಲಿಂದ ಕಂದು ಬಣ್ಣದ್ದನ್ನು ಕಟ್ಟಿಟ್ಟಿದ್ದೇನೆ, ಕಳಿಸಬೇಕೋ ಬೇಡವೋ ಎಂಬುದು ನಿನ್ನ ಮುಂದಿನ ಪತ್ರ ನೋಡಿ ತೀರ್ಮಾನವಾಗಬೇಕು. ನನ್ನ ಮೊಣಕಾಲು ಮೆಟ್ಟಿಲು ಹತ್ತುವಾಗ ಒಂದು ಮಾತಾಡುತ್ತದೆ, ಇಳಿಯುವಾಗ ಇನ್ನೊಂದು. ಅದನ್ನು ಕೇಳಿಸಿಕೊಂಡೂ ಕೇಳಿಸದವಳ ಹಾಗೆ ಓಡಾಡುತ್ತಿದ್ದೇನೆ. ನಿನ್ನ ಗಂಡ ಚೆನ್ನಾಗಿದ್ದಾನೆ, ಊಟ ಮಾಡುತ್ತಾನೆ, ಪ್ರೆಸ್ಸಿಗೆ ಹೋಗುತ್ತಾನೆ, ಕಾಗದ ಕತ್ತರಿಸುತ್ತಾನೆ, ಬರುತ್ತಾನೆ. ನಿನ್ನ ಮಗಳು ಇಲಿಮರಿ ಮೊನ್ನೆ ಒಂದು ದಿನ ಸುಮ್ಮನೆ ಮೈ ಬೆಚ್ಚಗೆ ಮಾಡಿಕೊಂಡಳು, ಮರುದಿನ ಬೆಳಿಗ್ಗೆ ಏನೂ ಆಗಿಲ್ಲ ಎಂಬಂತೆ ಎದ್ದಳು. ಪೆನ್ಸಿಲು ಕಡಿಯುವುದನ್ನು ಮಾತ್ರ ಬಿಟ್ಟಿಲ್ಲ. ಅವಳಿಗೆ ಆ ಹೆಸರಿಟ್ಟವಳು ನೀನೇ, ಈಗ ಅನುಭವಿಸುತ್ತಿರುವವಳು ನಾನು.

ಇನ್ನು ಸುತ್ತಿ ಬಳಸಿ ಮಾತಾಡುವುದು ಬೇಡ. ನೀನು ನಿನ್ನ ಗಂಡನಿಗೆ ಬರೆದ ಪತ್ರ ನನಗೂ ಗೊತ್ತಾಗಿದೆ. ಅವನು ಅದನ್ನು ನನ್ನ ತಟ್ಟೆಯ ಪಕ್ಕದಲ್ಲಿಟ್ಟು, ಕೆಮ್ಮಿ, "ಬಂದ್‌ಬಿಡ್ತಾಳಂತೆ" ಎಂದ. ಅಷ್ಟೇ. ಅವನು ಆ ವಾರವಿಡೀ ಆಡಿದ ಅತಿ ದೊಡ್ಡ ಮಾತು ಅದು. ತಿಂಗಳ ಕೊನೆಯೊಳಗೆ, ನಿನ್ನ ಓದಿನ ಖರ್ಚು ಕೊಡುವ ನಿಧಿಯವರಿಗೆ ಉಳಿದ ಅರ್ಧ ವರ್ಷವೂ ಓದುತ್ತೇನೆಂದು ಸಹಿ ಮಾಡಿ ಕೊಡಬೇಕಂತೆ, ನೀನು ಮಾಡುವುದಿಲ್ಲವಂತೆ, ಪೆಟ್ಟಿಗೆ ಕಟ್ಟಿಕೊಂಡು ಮನೆಗೆ ಬರುತ್ತೀಯಂತೆ. ಸಹಿ ಮಾಡದಿದ್ದರೆ ಆ ಜಾಗ ಸಾಲಿನಲ್ಲಿ ನಿಂತಿರುವ ಇನ್ನೊಬ್ಬರಿಗೆ ಹೋಗುತ್ತದೆ, ನಿನಗೆ ಮತ್ತೆ ಅರ್ಜಿ ಹಾಕುವ ಹಕ್ಕಿಲ್ಲ ಎಂಬುದೂ ನನಗೆ ಗೊತ್ತು. ನಿಯಮಗಳನ್ನು ನಿನಗಿಂತ ಚೆನ್ನಾಗಿ ಓದಿದವಳು ನಾನು. ಬಣ್ಣದ ಅಂಗಡಿ ಇಟ್ಟು ಬದುಕಿದ ಆ ಪುಣ್ಯಾತ್ಮ ಸಾಯುವ ಮುಂಚೆ, ಶಾಲೆಯ ಡ್ರಾಯಿಂಗ್ ಮೇಷ್ಟರುಗಳು ಒಂದು ವರ್ಷ ಕಲೆಯ ಇತಿಹಾಸ ಓದಲಿ, ಸಂಬಳ ನಿಲ್ಲದಿರಲಿ, ಫೀಸು ನಾನೇ ಕೊಡುತ್ತೇನೆ ಎಂದು ಈ ನಿಧಿ ಬರೆದಿಟ್ಟು ಹೋದ. ಅವನಿಗೆ ಅಂಥ ಯೋಚನೆ ಯಾಕೆ ಬಂತೋ ಯಾರಿಗೂ ತಿಳಿಯದು. ಬಹುಶಃ ಜೀವನವಿಡೀ ಬಣ್ಣ ಮಾರಿ, ಇದನ್ನು ಕೊಂಡುಹೋದವರು ಏನು ಮಾಡುತ್ತಾರೆ ಎಂದು ನೋಡುವ ಆಸೆ ಆಗಿರಬೇಕು.

ನೀನು ಕೊಟ್ಟ ಕಾರಣಗಳಲ್ಲಿ ಮೊದಲ ಎರಡಕ್ಕೆ ನಾನು ಸೊಪ್ಪು ಹಾಕುವುದಿಲ್ಲ. ತರಗತಿಯವರೆಲ್ಲ ನಿನಗಿಂತ ಚಿಕ್ಕವರು, ಅವರ ಬಾಯಲ್ಲಿ ಹಳೆಯ ಚಿತ್ರಕಾರರ ಹೆಸರುಗಳು ನೀರು ಕುಡಿದ ಹಾಗೆ ಬರುತ್ತವೆ, ನಿನಗೆ ನಾಲಿಗೆ ಹೊರಳುವುದಿಲ್ಲ, ಇದು ಮೊದಲನೆಯದು. ಕತ್ತಲೆ ಕೋಣೆಯಲ್ಲಿ ನಿದ್ದೆ ಹೋಗಿ ಪಕ್ಕದವನ ಭುಜಕ್ಕೆ ಒರಗಿದೆ, ಇದು ಎರಡನೆಯದು. ನಾನು ಮೂವತ್ತು ವರ್ಷ ಲೆಕ್ಕ ಹೇಳಿಕೊಟ್ಟಿದ್ದೇನೆ, ನಿದ್ದೆ ಹೋಗದ ವಿದ್ಯಾರ್ಥಿಯನ್ನು ನೋಡಿಲ್ಲ. ನಿದ್ದೆ ಹೋದವರೂ ಪಾಸಾಗಿದ್ದಾರೆ. ಮೂರನೆಯ ಕಾರಣಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಅದು ಇಲಿಮರಿ ಬರೆದ ಚಿತ್ರ.

ಆ ಚಿತ್ರವನ್ನು ಕವರಿಗೆ ಹಾಕುವ ಹೊತ್ತಿನಲ್ಲಿ ನಾನೂ ನೋಡಿದ್ದೆ. ಅದಕ್ಕೆ ಮುಂಚೆ ನೋಡಿರಲಿಲ್ಲ. ಅವಳು ಅದನ್ನು ಕೆಳಮನೆ ಟೈಲರಮ್ಮನ ಹತ್ತಿರ ಕೂತು ಬರೆದಳು, ನಾನು ಶಾಲೆಯಿಂದ ಬರುವವರೆಗೆ ಅವಳನ್ನು ನೋಡಿಕೊಳ್ಳುವುದು ಆಕೆಯೇ ಎಂದು ನಿನಗೆ ಗೊತ್ತಲ್ಲ. ಬರೆದು, ಸುರುಳಿ ಸುತ್ತಿ, ಹೊಲಿಗೆ ದಾರ ಕಟ್ಟಿ, ಬೆಳಿಗ್ಗೆ ಪ್ರೆಸ್ಸಿಗೆ ಹೊರಟ ಅಪ್ಪನ ಕೈಗೆ ಕೊಟ್ಟು, "ಅಮ್ಮಂಗೆ ಕಳ್ಸು" ಎಂದಳು. ಅವನಿಗೆ ಕಾಗದ ಮಡಚುವುದೆಂದರೆ ಯಾರದೋ ಬೆರಳು ಮಡಚಿ ಮುರಿದಷ್ಟು ಸಂಕಟ. ಮಡಚಿದ ಕಾಗದ ಸತ್ತ ಕಾಗದ ಎನ್ನುತ್ತಾನೆ. ಅದಕ್ಕೇ ಪ್ರೆಸ್ಸಿನಲ್ಲಿ ಅದನ್ನು ಅಲ್ಲಿನ ದೊಡ್ಡ ಕವರಿನ ಅಳತೆಗೆ ಸರಿಮಾಡಿ, ಎರಡು ರಟ್ಟಿನ ನಡುವೆ ಇಟ್ಟು, ಸಂಜೆ ಮನೆಗೆ ತಂದ. ನಾನು ವಿಳಾಸ ಬರೆಯುವಾಗ ಒಮ್ಮೆ ನೋಡಿದೆ. ಎಡಗಡೆ ಒಂದು ಗೇಣು ಬರೀ ಖಾಲಿ. ಆಮೇಲೆ ನಮ್ಮ ಮೆಟ್ಟಿಲು, ನಮ್ಮ ಬಾಗಿಲು, ನಿನ್ನ ಗಂಡ, ಕೈಯಲ್ಲಿ ಅಳತೆಪಟ್ಟಿ ಹಿಡಿದ ನಾನು, ಟೈಲರಮ್ಮನ ಬೆಕ್ಕು, ಎಲ್ಲಕ್ಕಿಂತ ಬಲಕ್ಕೆ ಅವಳು. ಎಲ್ಲರ ಮೈಕೈಯೂ ಕಿತ್ತಳೆ ಬಣ್ಣ, ಬೇರೆ ಬಣ್ಣದ ಬಳಪಗಳೆಲ್ಲ ಅವಳ ಹಲ್ಲಿಗೆ ಬಲಿಯಾಗಿವೆ. ಅವಳು ಒಂದು ಕೈ ಚಾಚಿಕೊಂಡು ನಿಂತಿದ್ದಳು, ಆ ಕೈಯ ಹತ್ತಿರ, ಕಾಗದದ ಅಂಚಿಗೆ ಅಂಟಿಕೊಂಡು ಒಂದಿಷ್ಟು ಗೀಟುಗಳು. ನಿನ್ನ ಗಂಡ ಅದನ್ನು ಹುಲ್ಲು ಎಂದ. ಕಿತ್ತಳೆ ಬಣ್ಣದ ಹುಲ್ಲೇ ಎಂದರೆ, ಒಣಗಿದ ಹುಲ್ಲು ಎಂದ. ನಾನೂ ಒಪ್ಪಿಕೊಂಡೆ.

ನೀನು ಇಲ್ಲ ಎಂಬುದು ನನಗೆ ಆಗಲೇ ಕಂಡಿತು. ಕಂಡರೂ ಕವರಿಗೆ ಹಾಕಿದೆ. ಮಗು ಕೊಟ್ಟದ್ದನ್ನು ತಡೆಹಿಡಿಯಲು ನಾನು ಯಾರು? ನೀನು ಬರೆದ ಸಾಲು ನನಗೆ ಬಾಯಿಪಾಠವಾಗಿಬಿಟ್ಟಿದೆ: "ಎಡಗಡೆ ಅಷ್ಟು ಜಾಗ ಖಾಲಿ ಬಿಟ್ಟಿದ್ದಾಳೆ, ಬೆಕ್ಕಿಗೂ ಜಾಗ ಕೊಟ್ಟಿದ್ದಾಳೆ, ನನ್ನನ್ನು ಬರೆಯಲಿಲ್ಲ. ಎಲ್ಲರಿಗೂ ಬೆನ್ನು ಮಾಡಿ ಹುಲ್ಲು ಕೀಳುತ್ತಾ ನಿಂತಿದ್ದಾಳೆ. ನಾನು ಇಲ್ಲಿ ಸತ್ತುಹೋದವರು ಬರೆದ ಚಿತ್ರ ನೋಡುತ್ತಾ ಕೂತಿರುವಾಗ ನನ್ನ ಮಗಳು ನನ್ನನ್ನು ಚಿತ್ರದಿಂದ ಒರೆಸಿಬಿಟ್ಟಳು." ಇದನ್ನು ಓದಿ ನಿನ್ನ ಗಂಡ ಒಂದು ದಿನ ಊಟ ಸರಿಯಾಗಿ ಮಾಡಲಿಲ್ಲ. ಟೈಲರಮ್ಮನಂತೂ ವಿಷಯ ತಿಳಿದದ್ದೇ ತಡ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ, "ಮಗು ಮರೀತಾ ಇದೆ ಕಣ್ರೀ, ಆ ವಯಸ್ಸೇ ಹಾಗೆ" ಎಂದು ತೀರ್ಪು ಕೊಟ್ಟಳು. ನಾನು ಇಲಿಮರಿಯನ್ನೇ ಕೇಳಿದೆ, ಚಿತ್ರದಲ್ಲಿ ಅಮ್ಮನನ್ನು ಯಾಕೆ ಬರೆಯಲಿಲ್ಲ ಎಂದು. ಅವಳು ಬ್ರೆಡ್ಡಿನ ಅಂಚು ಕಿತ್ತು ಬದಿಗಿಡುತ್ತಾ, "ಬರ್ದಿದೀನಲ್ಲ" ಎಂದಳು. ಇಲ್ಲವಲ್ಲ ಎಂದೆ. "ಬರ್ದಿದೀನಜ್ಜಿ" ಎಂದು ಬ್ರೆಡ್ಡು ತಿಂದಳು. ಹಾಲು ಕುಡಿದೆ ಎಂದು ಹೇಳಿ ತೊಟ್ಟಿಗೆ ಸುರಿಯುವ ಹುಡುಗಿ ಅವಳು. ಇದನ್ನೂ ಆ ಲೆಕ್ಕಕ್ಕೆ ಸೇರಿಸಿದೆ.

ನಾನು ಬಾ ಅನ್ನುವುದಿಲ್ಲ, ಇರು ಅನ್ನುವುದೂ ಇಲ್ಲ. ಇದು ನಿನ್ನ ವಿಷಯ. ಅತ್ತೆ ಕಳಿಸಿದಳು, ಅತ್ತೆ ಕರೆಸಿಕೊಂಡಳು ಎಂಬ ಮಾತು ನನಗೆ ಬೇಡ. ಇಲ್ಲಿಯ ಸುದ್ದಿ ಹೇಳುತ್ತೇನೆ, ತೂಗಿ ನೋಡಿಕೊ.

ನಿನ್ನ ತರಗತಿ ನಡೆಯುತ್ತಿದೆ. ನೀನಿಲ್ಲದಾಗ ಯಾರಾದರೂ ನಿನ್ನ ಪಾಠ ತೆಗೆದುಕೊಳ್ಳಲೇಬೇಕು ಎಂಬ ನಿಧಿಯ ನಿಯಮಕ್ಕೆ ಹೆಡ್ ಮಿಸ್ ಯಾರೂ ಸಿಗುವುದಿಲ್ಲ ಎಂದು ಕೈಚೆಲ್ಲಿದಾಗ, ನಾನಿದ್ದೇನಲ್ಲ ಎಂದು ಹೋಗಿ ನಿಂತವಳು ನಾನು. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಚಿತ್ರ ಬರೆಯೋಕೆ ಬರುತ್ತಾ?" ಎಂದು ಕೇಳಿದಳು. ವೃತ್ತ ಬರುತ್ತದೆ, ತ್ರಿಕೋನ ಬರುತ್ತದೆ ಎಂದೆ. ಡ್ರಾಯಿಂಗ್ ಪೀರಿಯಡ್ ತಾನೇ ಎಂದು ಒಪ್ಪಿಕೊಂಡಳು. ಈ ಡ್ರಾಯಿಂಗ್ ಪೀರಿಯಡ್ ತಾನೇ ಎಂಬ ಮಾತನ್ನು ನೀನು ಎಷ್ಟು ವರ್ಷ ಕೇಳಿದ್ದೀಯೋ, ನನಗೆ ಅರ್ಧ ವರ್ಷದಲ್ಲೇ ನೆತ್ತಿಗೇರಿದೆ. ವಿಜ್ಞಾನದ ಮೇಷ್ಟರು ತಮ್ಮ ಪಾಠ ಮುಗಿದಿಲ್ಲವೆಂದು ನನ್ನ ಪೀರಿಯಡ್ ಕೇಳಲು ಬರುತ್ತಾರೆ, ಅದೂ ಕೇಳುವ ಹಾಗಲ್ಲ, ಪಕ್ಕದ ಮನೆಯ ಏಣಿ ಎತ್ತಿಕೊಂಡು ಹೋಗುವ ಹಾಗೆ. ಮೊದಲ ಸಲ ಕೊಟ್ಟೆ. ಎರಡನೆಯ ಸಲ, ನನ್ನದೂ ಪಾಠ ಮುಗಿದಿಲ್ಲ ಎಂದೆ. ಅವರು ನಕ್ಕರು. ನಾನು ನಗಲಿಲ್ಲ. ಈಗ ಬರುವುದಿಲ್ಲ. ನೀನು ಬಂದುಬಿಡುತ್ತೀಯಂತೆ ಎಂಬ ಸುದ್ದಿ ಹೆಡ್ ಮಿಸ್ ಕಿವಿಗೆ ಹೇಗೋ ಬಿದ್ದು, ಆಕೆ ಬಹಳ ಸಂತೋಷಪಟ್ಟಳು. ಶಾಲೆಯ ನಾಟಕಕ್ಕೆ ಪರದೆ ಬರೆಯಬೇಕಂತೆ, ಬಹುಮಾನದ ಸರ್ಟಿಫಿಕೇಟುಗಳ ಮೇಲೆ ಚಂದದ ಅಕ್ಷರದಲ್ಲಿ ಹೆಸರು ಬರೆಯಬೇಕಂತೆ, ಎಲ್ಲವೂ ನಿನಗೆ ಕಾದಿವೆ. ಇದನ್ನು ಹೇಳಬೇಕು ಎನ್ನಿಸಿತು, ಹೇಳಿದೆ.

ಮೊದಮೊದಲು ನಾನು ಹೇಳಿಕೊಟ್ಟದ್ದು ಎಡವಟ್ಟಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಹೂಜಿಯನ್ನು ಅಳತೆಪಟ್ಟಿಯಿಂದ ಬರೆಸಿದೆ. ಎಲ್ಲರ ಹೂಜಿಯೂ ಬೀರುವಿನ ಹಾಗೆ ಬಂತು. ಬೆಕ್ಕಿನ ಮೀಸೆ ಎರಡೂ ಕಡೆ ಸಮ ಇಲ್ಲವೆಂದು ಒಂದು ಹುಡುಗಿಗೆ ಅಂಕ ಕಳೆದೆ, ಅವಳು ಮರುದಿನ ತನ್ನ ಬೆಕ್ಕನ್ನೇ ಚೀಲದಲ್ಲಿ ಹಾಕಿಕೊಂಡು ಬಂದು ತೋರಿಸಿದಳು. ಮೀಸೆ ಸಮ ಇರಲಿಲ್ಲ. ಅಂಕ ವಾಪಸು ಕೊಟ್ಟೆ. ಆಮೇಲೆ ಬರೆಸುವುದನ್ನು ಕಡಿಮೆ ಮಾಡಿ ನೀನು ಕಳಿಸುತ್ತಿದ್ದ ಚಿತ್ರಗಳ ಪ್ರತಿಗಳನ್ನು ತೋರಿಸತೊಡಗಿದೆ. ನಿನಗೆ ನೆನಪಿದೆಯೇ, ನೀನು ಅರ್ಜಿ ಹಾಕಿದ ವರ್ಷ ಯಾವನೋ ಒಬ್ಬ ಹುಡುಗ ಪುಸ್ತಕದ ಚಿತ್ರವೊಂದನ್ನು ತೋರಿಸಿ, "ಇವರ್ಯಾಕೆ ಎಲ್ಲರೂ ಒಂದೇ ಕಡೆ ನೋಡ್ತಾರೆ ಮಿಸ್, ನಾವು ಹಾಗೆ ನಿಲ್ಲಲ್ವಲ್ಲ" ಎಂದು ಕೇಳಿದ್ದ. ನಿನಗೆ ಗೊತ್ತಿರಲಿಲ್ಲ. ಮನೆಗೆ ಬಂದು ಕೋಟು ಕೂಡ ಬಿಚ್ಚದೆ ಇದೇ ಮೇಜಿನ ಹತ್ತಿರ ಕೂತು, "ಹನ್ನೆರಡು ವರ್ಷದಿಂದ ಮಕ್ಕಳ ಕೈಗೆ ಕುಂಚ ಕೊಡ್ತಾ ಇದೀನಿ ಅತ್ತೆ, ಕಣ್ಣು ಕೊಟ್ಟಿಲ್ಲ" ಎಂದೆ. ಆ ದಿನ ನಾನು ಚಹಾ ಮಾಡಿ ಕೊಟ್ಟೆ. ಆದರೆ ಆ ಮಾತು ನನ್ನೊಳಗೆ ಕೂತಿತು. ನನ್ನ ಸೊಸೆ ಚೆನ್ನಾಗಿ ಓದಿದವಳು ಎಂದು ಆವತ್ತು ನನಗೆ ಹೆಮ್ಮೆಯಾಯಿತು, ತಾನು ಇನ್ನೂ ಓದದೇ ಇರುವುದು ಏನೆಂದು ಗೊತ್ತಿರುವವಳು ಎಂಬ ಅರ್ಥದಲ್ಲಿ.

ಈ ಎರಡು ವಾರ ನಾವು ಒಂದೇ ಚಿತ್ರ ಹಿಡಿದುಕೊಂಡಿದ್ದೇವೆ. ನೀನು ಕಳಿಸಿದ್ದು, ಊಟದ ಮೇಜಿನ ಸುತ್ತ ಕೂತ ವ್ಯಾಪಾರಿಯ ಸಂಸಾರ, ಅಂಚಿನ ಕಡೆ ಮುಖ ಮಾಡಿದ ಒಂದು ನಾಯಿ. ಅದರ ಜೊತೆ ನೀನು ಬರೆದಿದ್ದೆ: ನಿಮ್ಮ ಪ್ರೊಫೆಸರಮ್ಮ ಯಾವ ಚಿತ್ರವನ್ನೂ ಮೊದಲು ನಡುವೆ ನೋಡಲು ಬಿಡುವುದಿಲ್ಲ, ಮೊದಲು ಅಂಚು ನೋಡಿ ಎನ್ನುತ್ತಾರೆ, ಎಷ್ಟೋ ಹಳೆಯ ಚಿತ್ರಗಳನ್ನು ಹೊಸ ಚೌಕಟ್ಟಿಗೋ ಗೋಡೆಗೋ ಹೊಂದಿಸಲು ಯಾರೋ ಕತ್ತರಿಸಿರುತ್ತಾರೆ, ಯಾರೂ ಇಲ್ಲದ ಕಡೆಗೆ ಯಾರಾದರೂ ನೋಡುತ್ತಿದ್ದರೆ ಅಲ್ಲಿ ಮೊದಲು ಯಾರೋ ಇದ್ದರು ಎಂದು ತಿಳಿಯಬೇಕು, ಎಂದು. ಆ ಪತ್ರ ಬರೆದಾಗ ನಿನಗೆ ಕೆಮ್ಮೂ ಇರಲಿಲ್ಲ, ಬೇಸರವೂ ಇರಲಿಲ್ಲ, ಅಕ್ಷರಗಳೇ ಓಡುತ್ತಿದ್ದವು. ನಾನು ಮಕ್ಕಳಿಗೆ ಏನೂ ಹೇಳದೆ ಚಿತ್ರ ತೂಗುಹಾಕಿ, ಈ ನಾಯಿ ಏನನ್ನು ನೋಡುತ್ತಿದೆ ಎಂದು ಮಾತ್ರ ಕೇಳಿದೆ. ಪಕ್ಕದ ಮನೆಯ ಬೆಕ್ಕನ್ನು ಎಂದ ಒಬ್ಬ. ಅಡುಗೆಮನೆಯನ್ನು ಎಂದ ಇನ್ನೊಬ್ಬ, ಅವನಿಗೆ ಸದಾ ಅದೇ ಯೋಚನೆ. ಬೆಕ್ಕು ತಂದಿದ್ದ ಹುಡುಗಿ ಬಹಳ ಹೊತ್ತು ನೋಡಿ, "ಯಾರೋ ತಡವಾಗಿ ಊಟಕ್ಕೆ ಬಂದಿದಾರೆ, ತಟ್ಟೆ ಒಂದು ಜಾಸ್ತಿ ಇದೆ" ಎಂದಳು. ನಿಜ, ಮೇಜಿನ ಅಂಚಿನಲ್ಲಿ ಅರ್ಧ ತಟ್ಟೆ ಇದೆ, ನಾನೇ ನೋಡಿರಲಿಲ್ಲ. ತರಗತಿ ಸದ್ದಿಲ್ಲದೆ ಕೂತಿತು. ಲೆಕ್ಕದ ತರಗತಿಯಲ್ಲಿ ನಾನು ಅಂಥ ನಿಶ್ಶಬ್ದವನ್ನು ಬೆತ್ತದ ಬೆದರಿಕೆಯಿಂದ ಮಾತ್ರ ಕಂಡಿದ್ದೆ.

ಆಮೇಲೆ ಒಂದು ಉಪಾಯ ಮಾಡಿದೆ. ನಿನ್ನ ಗಂಡ ಪ್ರೆಸ್ಸಿನಿಂದ ಪ್ರತಿ ಶನಿವಾರ ಅಂಚು ಕತ್ತರಿಸಿ ಉಳಿದ ಕಾಗದದ ಪಟ್ಟಿಗಳನ್ನು ಕಟ್ಟು ಕಟ್ಟಿ ತರುತ್ತಾನಲ್ಲ, ಬಿಸ್ಕತ್ತಿನ ಹಳೆಯ ಡಬ್ಬಿಯಲ್ಲಿ ತುಂಬಿಡುತ್ತೇವಲ್ಲ, ಹಾಲಿನವನಿಗೆ ಚೀಟಿ ಬರೆಯುವುದಕ್ಕೆ, ಪುಸ್ತಕದಲ್ಲಿ ಗುರುತಿಗೆ ಇಡುವುದಕ್ಕೆ, ಆ ಪಟ್ಟಿಗಳನ್ನು ತೆಗೆದುಕೊಂಡು ಹೋಗಿ ಮಕ್ಕಳಿಗೆ ಒಂದೊಂದು ಕೊಟ್ಟೆ. ಚಿತ್ರದಿಂದ ಕತ್ತರಿಸಿ ಹೋದದ್ದು ಏನಿರಬಹುದು ಎಂದು ಪಟ್ಟಿಯ ಮೇಲೆ ಬರೆಯಿರಿ ಎಂದೆ. ಬರೆದವರೆಲ್ಲ ಒಬ್ಬೊಬ್ಬರಾಗಿ ಬಂದು ತಮ್ಮ ಪಟ್ಟಿಯನ್ನು ಚಿತ್ರದ ಅಂಚಿಗೆ ತಾಗಿಸಿ ಹಿಡಿದರು. ಅಜ್ಜಿ ಬಂದಳು, ಸಾಲ ಕೇಳುವವನು ಬಂದ, ಕಳ್ಳ ಬಂದ, ತೊಟ್ಟಿಲು ಬಂತು. ಪ್ರತಿ ಸಲವೂ ಆ ನಾಯಿಯ ಮುಖ ಬೇರೆಯಾಗಿ ಕಾಣುತ್ತಿತ್ತು, ಸಾಲದವನು ಬಂದಾಗ ಹೆದರಿದ ಹಾಗೆ, ತೊಟ್ಟಿಲು ಬಂದಾಗ ಕಾವಲು ಕೂತ ಹಾಗೆ. ನಾಯಿ ಮಾತ್ರ ಅದೇ. ನನಗೆ ಇದು ಬಹಳ ಹಿಡಿಸಿತು. ಈ ವಯಸ್ಸಿನಲ್ಲಿ ನನಗೆ ಹೊಸದೊಂದು ಹಿಡಿಸುತ್ತದೆ ಎಂದು ನಾನು ಎಣಿಸಿರಲಿಲ್ಲ. ಆದರೆ ನನಗೆ ಗೊತ್ತಿರುವುದು ಅಷ್ಟೇ, ನಿನ್ನ ಪತ್ರದಲ್ಲಿ ಇದ್ದಷ್ಟು. ಬೆಕ್ಕಿನ ಹುಡುಗಿ, "ಕತ್ತರಿಸಿದ್ದು ಯಾರು ಮಿಸ್, ಅವರಿಗೆ ಬೇಜಾರಾಗ್ಲಿಲ್ವಾ?" ಎಂದು ಕೇಳಿದಳು. ನಿಮ್ಮ ಡ್ರಾಯಿಂಗ್ ಮೇಡಂ ಓದಿಕೊಂಡು ಬಂದು ಹೇಳುತ್ತಾರೆ ಎಂದೆ. ಬೇರೆ ಏನು ಹೇಳಲಿ?

ಒಂದು ಹಳೆಯ ವಿಷಯ ಹೇಳಿ ಮುಗಿಸುತ್ತೇನೆ, ಇದನ್ನು ಉಪದೇಶ ಎಂದು ತಿಳಿಯಬೇಡ. ನಿನ್ನ ಗಂಡ ಇಲಿಮರಿಯಷ್ಟು ಇದ್ದಾಗ ನನಗೂ ಒಂದು ತರಬೇತಿಗೆ ಕರೆ ಬಂದಿತ್ತು, ಬೇರೆ ಊರಿನಲ್ಲಿ, ಎರಡು ತಿಂಗಳದ್ದು. ಲೆಕ್ಕವನ್ನು ಹೊಸ ರೀತಿಯಲ್ಲಿ ಕಲಿಸುವುದು ಹೇಗೆಂದು. ಹೋಗಲಿಲ್ಲ. ಯಾರೂ ಬೇಡ ಅನ್ನಲಿಲ್ಲ. ನಿನ್ನ ಮಾವ ಪೆಟ್ಟಿಗೆಯ ದೂಳು ಕೂಡ ಒರೆಸಿಟ್ಟಿದ್ದರು. ಹುಡುಗ ಬಾಗಿಲಲ್ಲಿ ಮುಖ ಊದಿಸಿಕೊಂಡು ನಿಂತಿದ್ದ, ಅದನ್ನು ನೋಡಿ ನಾನೇ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದೆ. ಹೋದ ವಾರ ಅವನನ್ನು ಕೇಳಿದೆ, ನಿನಗದು ನೆನಪಿದೆಯೇ ಎಂದು. "ಯಾವ್ದಮ್ಮಾ?" ಎಂದ. ಅವನಿಗೆ ಆ ವರ್ಷದ್ದು ನೆನಪಿರುವುದು ಒಂದು ಕೆಂಪು ಲಾರಿ ಮಾತ್ರ, ಆಟದ್ದು. ನಾನು ಹೋಗಿದ್ದರೆ ಅವನಿಗೆ ನೆನಪಿರುತ್ತಿತ್ತೋ ಏನೋ. ಇದರಿಂದ ಏನು ಸಾಬೀತಾಗುತ್ತದೆ ಎಂದು ಕೇಳಬೇಡ, ಏನೂ ಆಗುವುದಿಲ್ಲ. ಇಲಿಮರಿ ನಿನ್ನನ್ನು ಕೇಳದ ದಿನವಿಲ್ಲ, ಅಳುವ ದಿನಗಳು ಕಡಿಮೆಯಾಗಿವೆ. ಎರಡೂ ನಿಜ, ಎರಡನ್ನೂ ಬರೆದಿದ್ದೇನೆ. ತಾಯಿಯಾಗಿ ನಿನಗೆ ಯಾವುದು ಹೆಚ್ಚು ನೋಯುತ್ತದೆ ಎಂದು ನನಗೆ ಗೊತ್ತು.

ಟೈಲರಮ್ಮ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ನಿನ್ನ ಗಂಡ ಏನೂ ಬರೆಯಲು ಹೇಳಿಲ್ಲ, ಹಿಂದೆಮುಂದೆ ಸುಳಿದಾಡುತ್ತಿದ್ದಾನೆ, ಅದನ್ನೇ ಅವನ ಒಕ್ಕಣೆ ಎಂದು ತಿಳಿದುಕೊ. ಕೆಮ್ಮು ಬಿಡಲಿ, ಹೊಟ್ಟೆ ತುಂಬ ಊಟ ಸಿಗಲಿ, ಕತ್ತಲೆ ಕೋಣೆಯಲ್ಲಿ ಕಣ್ಣು ತೆರೆದಿರಲಿ, ನಿದ್ದೆ ಬಂದರೂ ಗೊರಕೆ ಬರದಿರಲಿ ಎಂದು ಹರಸುತ್ತೇನೆ. ನೀನು ಏನೇ ಮಾಡಿದರೂ ಈ ಮನೆಯ ಬಾಗಿಲು ನಿನ್ನದೇ.

ನಿನ್ನ ಅತ್ತೆ,
ಸದ್ಯಕ್ಕೆ ಹಂಗಾಮಿ ಡ್ರಾಯಿಂಗ್ ಮೇಡಂ

ತಾ.ಕ.: ಅಂಚೆಯವರು ಡಬ್ಬಿ ತೆಗೆಯುವ ಹೊತ್ತಾಗಿದೆ, ಅಕ್ಷರ ಹೇಗಿದ್ದರೂ ಓದಿಕೊ. ಪತ್ರ ಮುಗಿಸಿ, ಸೋಮವಾರದ ತರಗತಿಗೆ ಪಟ್ಟಿ ತೆಗೆದಿಡೋಣ ಎಂದು ಬಿಸ್ಕತ್ತಿನ ಡಬ್ಬಿ ಸುರಿದೆ. ತಳದ ಕಟ್ಟಿನಲ್ಲಿ ಒಂದು ಪಟ್ಟಿ ಬೇರೆಯವಕ್ಕಿಂತ ಅಗಲ, ಗೇಣಗಲ, ಡ್ರಾಯಿಂಗ್ ಹಾಳೆಯದು. ಮಗುಚಿದೆ. ಕಿತ್ತಳೆ ಬಣ್ಣದ ಒಬ್ಬ ಹೆಂಗಸು. ನಿನ್ನ ದೊಡ್ಡ ಚೀಲ ಹೆಗಲಿಗಿದೆ, ನಿನ್ನ ಕನ್ನಡಕ ಇದೆ. ಹಿಂದೆ ದೊಡ್ಡ ಕಟ್ಟಡ, ಅದರ ತುಂಬ ಚೌಕಗಳು, ಕಿಟಕಿಗಳೋ ಚಿತ್ರಗಳೋ ತಿಳಿಯುವುದಿಲ್ಲ. ಆ ಕಟ್ಟಡವನ್ನು ನಮ್ಮ ಪಕ್ಕದ ಮನೆ ಎಂಬಂತೆ ಬರೆದಿದ್ದಾಳೆ. ನೀನು ಚೌಕಗಳಿಗೆ ಬೆನ್ನು ಹಾಕಿ ನಮ್ಮ ಕಡೆ ತಿರುಗಿ ನಿಂತಿದ್ದೀಯ. ಒಂದು ಕೈ ಚಾಚಿದ್ದೀಯ, ಮಣಿಕಟ್ಟಿನವರೆಗೆ ಮಾತ್ರ ಇದೆ, ಅಲ್ಲಿಗೆ ಕಾಗದ ಕತ್ತರಿಸಿದೆ.

ನಿನ್ನ ಗಂಡನ ಮುಂದೆ ಹಿಡಿದೆ. ಕುರ್ಚಿಯ ಕಾಲು ಸರಿಮಾಡುತ್ತಿದ್ದವನು ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಸುರುಳಿಯನ್ನು ಎಡಗಡೆಯಿಂದ ಒಂದಿಷ್ಟೇ ಬಿಚ್ಚಿ, ಗೇಣಗಲ ಖಾಲಿ ಇರುವುದನ್ನು ನೋಡಿ, ಅದನ್ನು ಕತ್ತರಿಸಿದರೆ ಕವರಿಗೆ ಸರಿಯಾಗುತ್ತದೆ ಅಂದುಕೊಂಡನಂತೆ. ಆಮೇಲೆ ಪ್ರೆಸ್ಸಿನಲ್ಲಿ ಮಾಡುವ ಹಾಗೆ ಹಾಳೆಯನ್ನು ಮಗುಚಿ ಕತ್ತರಿಸುವ ಮಷೀನಿಗೆ ಇಟ್ಟಿದ್ದಾನೆ. "ಬಣ್ಣ ಮೆತ್ಕೊಳ್ಳುತ್ತೆ ಅಂತ ಮಗುಚಿ ಇಟ್ಟಿದ್ದೆ ಅಮ್ಮಾ, ಎಡ ಬಲ ಆಗ್ಹೋಗುತ್ತೆ ಅಂತ ತಲೆಗೇ ಹೋಗ್ಲಿಲ್ಲ" ಎಂದ. ಇಲಿಮರಿಗೆ ತೋರಿಸಿದೆ. "ಹೇಳಿದ್ನಲ್ಲಜ್ಜಿ" ಎಂದು ಆಡಲು ಹೋದಳು. ಅವಳಿಗೆ ಇದು ಸುದ್ದಿಯೇ ಅಲ್ಲ. ಎರಡು ವಾರ ಆ ನಾಯಿ ಎಲ್ಲಿ ನೋಡುತ್ತಿದೆ ಎಂದು ಪರರ ಮಕ್ಕಳನ್ನು ಪೀಡಿಸಿದವಳು ನಾನು, ನಮ್ಮ ಚಿತ್ರದಲ್ಲಿ ನಿನ್ನ ಗಂಡ, ನಾನು, ಬೆಕ್ಕು, ಮಗು ಎಲ್ಲರೂ ಬಲಕ್ಕೇ ನೋಡುತ್ತಿದ್ದೆವು, ನನಗೆ ಕಾಣಲಿಲ್ಲ. ಪ್ರೊಫೆಸರಮ್ಮನ ಹತ್ತಿರ ಕಲಿತ ನಿನಗೂ ಕಾಣಲಿಲ್ಲ, ಅಳುತ್ತಾ ನೋಡಿದರೆ ಹೇಗೆ ಕಂಡೀತು.

ಬಾ ಅನ್ನುವುದಿಲ್ಲ, ಇರು ಅನ್ನುವುದಿಲ್ಲ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕಲು ಹೊತ್ತಿಲ್ಲ. ಈಗ ಅನ್ನುತ್ತೇನೆ. ಇರು. ಸಹಿ ಮಾಡು. ಕಂದು ಹೊದಿಕೆ ಸೋಮವಾರ ಕಳಿಸುತ್ತೇನೆ. ನೀನು ಓದಿ ಮುಗಿಸುವುದು ನನಗೆ ಬೇಕು, ನನಗೋಸ್ಕರವೇ ಬೇಕು. ಪಟ್ಟಿಯನ್ನು ಇದರ ಜೊತೆ ಇಟ್ಟಿದ್ದೇನೆ, ನಿನ್ನ ಗಂಡನಿಗೆ ಗೊತ್ತಾಗದ ಹಾಗೆ ಮಡಚಿದ್ದೇನೆ. ನಿನ್ನ ಹತ್ತಿರ ಇರುವ ಚಿತ್ರದ ಬಲ ಅಂಚಿಗೆ ತಾಗಿಸು, ಮಣಿಕಟ್ಟಿಗೆ ಬೆರಳು ಸರಿಯಾಗಿ ಕೂತಿತೇ ನೋಡಿಕೊಂಡು ಆಮೇಲೆ ಅಂಟಿಸು. ಅವಳು ಹಿಡಿದುಕೊಂಡಿದ್ದದ್ದು ಹುಲ್ಲಲ್ಲ.